ಟಪಾಲಿಗೆ ಮುಂಚೆ ಬಂದ ತಿದ್ದುಪಡಿ

ಪತ್ರ ಇನ್ನೂ ಟಪಾಲಿಗೇ ಬಿದ್ದಿರಲಿಲ್ಲ; ತಿದ್ದುಪಡಿ ಆಗಲೇ ಬಂದು ಕೂತಿತ್ತು.

ಡಲ್ಸಿ ಹಾರ್ಗ್ರೀವ್ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಒಂದು, ನಿನ್ನೆ ಅವಳೇ ಬರೆದ ತಪ್ಪುಗಳ ಪಟ್ಟಿ, ಅಂಟಿಸಿದ ಲಕೋಟೆಯೊಳಗೆ. ಇನ್ನೊಂದು, ಈ ಬೆಳಿಗ್ಗೆ ಕಚೇರಿಯ ಬಾಗಿಲ ಪೆಟ್ಟಿಗೆಯಲ್ಲಿ ಸಿಕ್ಕ, ಅದೇ ಪ್ರೋಗ್ರಾಮಿನ ಹೊಸ ಪ್ರತಿಯಿದ್ದ ಫ್ಲಾಪಿ ಡಿಸ್ಕು. ಪಟ್ಟಿಯಲ್ಲಿದ್ದ ತಪ್ಪು ಫ್ಲಾಪಿಯಲ್ಲಿರಲಿಲ್ಲ. ಹೀಗಾಗುತ್ತಿರುವುದು ಇದು ಮೂರನೆಯ ಸಲ.

ಸಿಡ್ನಿ ಬಂದರಿನ ದಂಡೆಯ ಆ ಪರೀಕ್ಷಾ ಕಚೇರಿಯಲ್ಲಿ ಅವಳದು ಒಂದೇ ಕೆಲಸ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಒಂದು ಕಂಪ್ಯೂಟರಿನಲ್ಲಿ ಓಡಿದಂತೆಯೇ ಬೇರೆಲ್ಲದರಲ್ಲೂ ಓಡುತ್ತದೆಯೇ, ಅದಕ್ಕೆಂದು ಗೊತ್ತುಮಾಡಿದ ನಿಯಮಗಳನ್ನು ಪಾಲಿಸಿದೆಯೇ ಎಂದು ಸಾಲುಸಾಲು ಜಾಲಾಡುವುದು. ಪಾಸಾದರೆ ಮುದ್ರೆ. ಬರೆದವರು ಯಾರೆಂದು ಪರೀಕ್ಷಕರಿಗೆ ತಿಳಿಯುವಂತಿಲ್ಲ. ಅವರೊಡನೆ ಮಾತಾಡಿದರೆ ಕೆಲಸ ಹೋದಂತೆಯೇ. ಸಮುದ್ರದ ಭರತ ಇಳಿತಗಳ ಹೊತ್ತು ಹೇಳುವ ಈ ಪ್ರೋಗ್ರಾಮಿನ ಮೇಲೆ ಹೆಸರಿರಲಿಲ್ಲ, ಒಂದು ಸಂಖ್ಯೆಯಿತ್ತು: ನೂರ ಹದಿನೇಳು.

"ಪಟ್ಟಿ ನೋಡೋರು ಇಬ್ಬರೇ. ನೀವು, ಕ್ಲೈವ್," ಎಂದಳು ಮೇಲಧಿಕಾರಿ ಪರ್ಲ್ ವಾಡೆಲ್. "ಶುಕ್ರವಾರದೊಳಗೆ ಸತ್ಯ ಹೊರಗೆ ಬರ್ಲಿಲ್ಲ ಅಂದ್ರೆ ಕ್ಲೈವ್‌ನ ಮನೆಗೆ ಕಳಿಸ್ತೀನಿ."

ಕ್ಲೈವ್ ಪಾಪಾಸ್ ಇಪ್ಪತ್ತು ವರ್ಷದಿಂದ ಎದುರು ಮೇಜಿನವನು. ಕಡತಗಳೆಲ್ಲ ಅವನ ಸುಪರ್ದಿ. ಬಾಯಿಗೆ ಬೀಗವಿಲ್ಲ.

"ಏನೇ ಡಲ್ಸಿ, ಹಾಗ್ಯಾಕೆ ನೋಡ್ತಿದ್ದೀಯ? ನನ್ನ ಮುಖದಲ್ಲೇನಾದ್ರೂ ಸೆಮಿಕೋಲನ್ ಬಿಟ್ಟುಹೋಗಿದೆಯಾ?"

ಅವಳಿಗೆ ನಗು ಬರಲಿಲ್ಲ. ಅಂದಿನ ಪಟ್ಟಿಗೆ ಇಲ್ಲದ ತಪ್ಪೊಂದನ್ನು ಸೇರಿಸಿ ಅವನ ಕೈಗೆ ಕೊಟ್ಟಳು. ನಾಳೆ ಅದು ತಿದ್ದಿ ಬಂದರೆ ಕಳ್ಳ ಸಿಕ್ಕಂತೆ.

ಸಂಜೆ ಐದೂಕಾಲಕ್ಕೆ ಬಂದರು ದಾಟಿ ಮ್ಯಾನ್ಲಿಗೆ ಹೋಗುವ ಹಡಗು, ಡಲ್ಸಿ ದಿನಾ ಮನೆಗೆ ಮರಳುವುದು ಅದರಲ್ಲೇ. ಹಡಗಿನೊಳಗಿನ ಚಹಾದ ಅಂಗಡಿಯ ಮುಂದಿನ ಬೆಂಚಿನಲ್ಲಿ ಎಂದಿನಂತೆ ಅರ್ನಿ ಕೂತಿದ್ದ. ಹಿಂದೆ ಹಡಗು ರಿಪೇರಿ ಮಾಡುತ್ತಿದ್ದ ಮುದುಕ. ಅಡ್ಡ ಬಾಯಿ ಹಾಕದೆ, ತಲೆಯಾಡಿಸುತ್ತ ಕೇಳುವುದರಲ್ಲಿ ಅವನಂಥವನು ಇಡೀ ಸಿಡ್ನಿಯಲ್ಲಿ ಇನ್ನೊಬ್ಬನಿರಲಿಲ್ಲ. ಎರಡು ವರ್ಷದಿಂದ ಡಲ್ಸಿ ಎಂಜಿನ್ನಿನ ಸದ್ದಿನ ಮೇಲೆ ದನಿಯೇರಿಸಿ ಅವನಿಗೆ ದಿನದ ಕಷ್ಟಸುಖ ಒಪ್ಪಿಸುತ್ತಿದ್ದಳು.

"ಇವತ್ತಿನದು ಕೇಳಿ! ಒಂದು ಯಂತ್ರ ಸಂಖ್ಯೆನ ತಲೆಯಿಂದ ಬರೆದಿಡತ್ತೆ, ಇನ್ನೊಂದು ಬಾಲದಿಂದ. ಎಳೇ ಮಗೂಗೂ ಗೊತ್ತು. ಈ ಮಹಾರಾಯ ಎಲ್ಲ ತಲೆಯಿಂದಲೇ ಅಂದ್ಕೊಂಡಿದ್ದಾನೆ. ಅವನ ಪ್ರೋಗ್ರಾಮು ನಂಬಿ ಹೊರಟ ಹಡಗು ಮರಳಲ್ಲಿ ಕೂರತ್ತೆ, ಅಷ್ಟೆ!"

ಅರ್ನಿ ತಲೆಯಾಡಿಸಿದ. ಚಹಾ ತಂದ ಅಂಗಡಿಯ ನೋಲಾ ಕೈತಪ್ಪಿ ಅರ್ಧ ಚಹಾ ತಟ್ಟೆಗೆ ಚೆಲ್ಲಿದಳು.

"ಪಾಪ, ಅಷ್ಟೊಂದು ಬೈಬೇಡಿ," ಎಂದಳು ಒರೆಸುತ್ತ. "ಕಲೀತಾನೆ."

ಮರುದಿನ ಬಂದ ಫ್ಲಾಪಿಯಲ್ಲಿ, ಕ್ಲೈವ್‌ಗೆ ಕೊಟ್ಟ ಸುಳ್ಳು ತಪ್ಪನ್ನು ಯಾರೂ ಮುಟ್ಟಿರಲಿಲ್ಲ. ತಲೆ ಬಾಲದ ತಪ್ಪು ಮಾತ್ರ ಅಚ್ಚುಕಟ್ಟಾಗಿ ಸರಿಯಾಗಿತ್ತು.

ಡಲ್ಸಿ ತನ್ನ ಪಟ್ಟಿ ತೆಗೆದು ನೋಡಿದಳು. ಆ ತಪ್ಪನ್ನು ಅದರಲ್ಲಿ ಅವಳಿನ್ನೂ ಬರೆದೇ ಇರಲಿಲ್ಲ. ಹೇಳಿದ್ದು ಒಬ್ಬನಿಗೆ. ಎರಡು ವರ್ಷದಿಂದ ತಲೆಯಾಡಿಸುತ್ತ ಕೂತ ಆ ಸಂಭಾವಿತ ಮುದುಕನಿಗೆ!

ಆ ಸಂಜೆ ಅವಳು ಇನ್ನೊಂದು ಗಾಳ ಹಾಕಿದಳು.

"ಪ್ರೋಗ್ರಾಮಿನ ನಡುವೆ ಬರೆಯೋ ಟಿಪ್ಪಣಿಗಳನ್ನ ದೊಡ್ಡಕ್ಷರದಲ್ಲಿ ಶುರುಮಾಡೋ ಹಾಗಿಲ್ಲ, ಅರ್ನಿ. ಕಡ್ಡಾಯ ನಿಯಮ! ಈ ಮಹಾರಾಯ ಮುನ್ನೂರು ಕಡೆ ಮಾಡಿದ್ದಾನೆ!"

ಅಂಥ ನಿಯಮ ಲೋಕದಲ್ಲೆಲ್ಲೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಮುನ್ನೂರು ಟಿಪ್ಪಣಿಗಳೂ ಸಣ್ಣಕ್ಷರದಲ್ಲಿ ತಲೆತಗ್ಗಿಸಿ ನಿಂತಿದ್ದವು.

ಅವಳು ನೇರವಾಗಿ ಪರ್ಲ್ ಕೋಣೆಗೆ ಹೋದಳು. "ಬಾಯಿ ಬಿಟ್ಟಿದ್ದು ಕ್ಲೈವ್ ಅಲ್ಲ, ನಾನು. ಹಡಗಲ್ಲಿ ಹರಟೆ ಹೊಡೀತಾ. ಗೊತ್ತಿಲ್ಲದೆ ಬರೆದವನಿಗೇ ಹೇಳಿದೀನಿ. ಕೆಲಸ ಬಿಡೋಕೆ ಸಿದ್ಧ."

ಪರ್ಲ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಪ್ರೋಗ್ರಾಮು ಈಗ ಹೇಗಿದೆ?"

"ಬಂಗಾರದ ಹಾಗಿದೆ. ಅದೇ ಹೊಟ್ಟೆ ಉರಿ."

"ಹಾಗಾದ್ರೆ ಕ್ಲೈವ್ ಮೊದಲಿಂದ ಪರೀಕ್ಷೆ ಮಾಡ್ಲಿ. ನೀವು ಅದರ ತಂಟೆಗೆ ಹೋಗಬೇಡಿ. ಇನ್ಮೇಲೆ ಹಡಗಲ್ಲಿ ಬಾಯಲ್ಲಿ ಬಿಸ್ಕತ್ತು ಇಟ್ಕೊಂಡು ಕೂತ್ಕೊಳಿ."

ಕ್ಲೈವ್ ನಾಲ್ಕು ಬಗೆಯ ಕಂಪ್ಯೂಟರುಗಳಲ್ಲಿ ಓಡಿಸಿದ. ನಾಲ್ಕರಲ್ಲೂ ಒಂದೇ ಉತ್ತರ. ಮೂರು ಗಂಟೆಗೆ ಮುದ್ರೆ ಬಿತ್ತು. "ನನ್ನ ಮೇಲೆ ಗುಮಾನಿ ಪಟ್ಟಿದ್ದಕ್ಕೆ ಒಂದು ವಾರ ಊಟ ನಿಂದು, ಮಾರಾಯ್ತಿ," ಎಂದ. ಅವಳು ಸಂತೋಷದಿಂದ ಒಪ್ಪಿಕೊಂಡಳು.

ಸಂಜೆ ಹಡಗಿನಲ್ಲಿ ಅರ್ನಿಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೂರ ಹದಿನೇಳು ನೀವೇ ತಾನೆ?"

ಅರ್ನಿ ಮುಗುಳ್ನಕ್ಕು ತಲೆಯಾಡಿಸಿದ.

"ನಾಚಿಕೆ ಆಗಲ್ವಾ ನಿಮಗೆ?"

ಮತ್ತೆ ತಲೆಯಾಡಿಸಿದ. ಆಮೇಲೆ ಅವಳ ಮುಖ ನೋಡಿ ಗಾಬರಿಯಾಗಿ, ಜೇಬಿನಿಂದ ಶ್ರವಣಯಂತ್ರ ತೆಗೆದು ಕಿವಿಗೆ ಸಿಕ್ಕಿಸಿಕೊಂಡ.

"ಕ್ಷಮಿಸಿ ಡಲ್ಸಿ. ಈ ಎಂಜಿನ್ ಗಲಾಟೆ ತಡೆಯೋಕಾಗಲ್ಲ, ಹಡಗು ಹತ್ತಿದ ತಕ್ಷಣ ತೆಗೆದುಬಿಡ್ತೀನಿ. ನೀವು ದಿನಾ ನಿಮ್ಮ ತಂಗಿ ಗಂಡನ್ನ ಬೈತಿದ್ದೀರಿ ಅಂದ್ಕೊಂಡಿದ್ದೆ. ಏನು, ಸತ್ತುಹೋದನಾ?"

ಡಲ್ಸಿ ಬೆಂಚಿನ ಮೇಲೆ ಅವನ ಪಕ್ಕ ಕೂತಳು. ಯಾರೋ ಬಿಸಿ ಚಹಾ ಅವಳ ಕೈಗಿಟ್ಟರು.

"ನಿಮ್ಮ ಆ ಟಿಪ್ಪಣಿ ನಿಯಮ ಯಾವ ಪುಸ್ತಕದಲ್ಲೂ ಸಿಗ್ಲಿಲ್ಲ ನಂಗೆ," ಎಂದಳು ನೋಲಾ, "ಆದ್ರೂ ಇಡೀ ಹಡಗಿಗೆ ಕೇಳೋ ಹಾಗೆ ಹೇಳಿದ್ರಲ್ಲ, ಇರಬೇಕು ಅಂತ ಮುನ್ನೂರನ್ನೂ ನಾನೇ ಕೂತು ತಿದ್ದಿದೆ."