ಹೊಗೆಯಿಲ್ಲದ ಮದ್ದು

ಗೆಣಸಿನ ಹೊಲಕ್ಕೆ ಹಂದಿ ನುಗ್ಗಿತ್ತು. ಜಲಜಳ ಗಂಡ ಜಗಲಿಯಲ್ಲಿ ಕೂತು, ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯನ್ನು ಸಜ್ಜು ಮಾಡುತ್ತಿದ್ದ. ಮುಂದೆ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಎಂದಿನ ಕರಿಮದ್ದು, ಇನ್ನೊಂದರಲ್ಲಿ ಗೆಳೆಯನ ತೋಟಾಗಳನ್ನು ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದು. ಅವನ ಕೈ ಕರಿಮದ್ದಿನತ್ತಲೇ ಹೋಗಿತ್ತು.

"ಆ ಹೊಸ ಮದ್ದು ಮಾತ್ರ ಬೇಡ ರೀ," ಎಂದಳು ಜಲಜ, ಪಕ್ಕದ ಮನೆಗೂ ಕೇಳುವಂತೆ. "ನಳಿಗೆ ಒಳಗೆ ಸವೆದುಹೋಗಿದೆ. ಅದರ ಜೋರು ತಡೆಯಲ್ಲ, ಒಡೆದುಹೋಗತ್ತೆ. ಕೋವಿ ರಿಪೇರಿ ಮಾಡೋವಾಗ ನಮ್ಮಪ್ಪ ಹೇಳ್ತಿದ್ರು."

ಅವನ ಕೈ ಅಲ್ಲೇ ನಿಂತಿತು.

"ಓಹೋ, ಕೋವಿ ಮೇಸ್ತ್ರಿ ಮಗಳು! ಎರಡು ಹಲ್ಲು ಉದುರಿಸಿದ್ದು ಸಾಕಾಗಲಿಲ್ವೇನೇ, ಮತ್ತೆ ಬುದ್ಧಿ ಹೇಳೋಕೆ ಬಂದೆ?"

"ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ."

ಅವನು ನಗುತ್ತ ಹೊಸ ಮದ್ದನ್ನೇ ಗಿಡಿದು ತುಂಬಿ ಹೊಲಕ್ಕೆ ನಡೆದ. ಮೊದಲ ಗುಂಡಿಗೇ ಕೋವಿ ಸಿಡಿದು ಅವನ ಬಲಗೈ ಹೋಯಿತು.

ಆಸ್ಪತ್ರೆಯ ಹೊರಗೆ ಪಕ್ಕದ ಮನೆಯಾಕೆ ಜಲಜಳನ್ನು ತಬ್ಬಿಕೊಂಡು ಅತ್ತಳು.

"ನೀನೆಷ್ಟು ಬೇಡಿಕೊಂಡೆ ಮಾರಾಯ್ತಿ! ನೀನು ಬೇಡ ಅಂದದ್ದನ್ನೇ ಮಾಡೋ ಮನುಷ್ಯ. ನಿನ್ನ ಮಾತು ಯಾವತ್ತಾದ್ರೂ ಕೇಳಿದ್ದಾನಾ?"

"ಇಲ್ಲ ಅಕ್ಕ," ಎಂದಳು ಜಲಜ. "ಅದಕ್ಕೇ ಹೇಳಿದ್ದು."