ಎದುರಾಳಿಯ ನಕಲು

ಎದುರಾಳಿಯ ಮನಸ್ಸಿನ ನಕಲನ್ನು ಮಾಲೀಕರೂ ಕಾರ್ಮಿಕರೂ ಇಟ್ಟುಕೊಳ್ಳಬೇಕೆಂಬ ಕಾನೂನು ಬಂದು ಇಪ್ಪತ್ತು ವರ್ಷವಾಗಿತ್ತು. ದಾವಣಗೆರೆಯ ನೂಲಿನ ಗಿರಣಿಯ ಕಾರ್ಮಿಕ ಸಂಘದಲ್ಲಿ ಮಾಲೀಕ ಸಾಹುಕಾರರ ನಕಲು ಕೆಂಪು ಬಾವುಟದ ಕೆಳಗೆ, ಒಂದು ಮಾತಾಡುವ ಪೆಟ್ಟಿಗೆಯಲ್ಲಿತ್ತು. ಮುಷ್ಕರದ ಅರವತ್ತನೆಯ ಮಧ್ಯಾಹ್ನ ಕಾರ್ಯದರ್ಶಿ ಹಾಲಮ್ಮ ಅದರ ಮುಂದೆ ಬಂದು ಕುಸಿದು ಕುಳಿತಳು.

"ಇನ್ನೆಷ್ಟು ದಿನ ತಡೀತೀರಿ, ಸಾವ್ಕಾರ್ರೆ?"

"ಎರಡು ವರ್ಷ," ಎಂದಿತು ಪೆಟ್ಟಿಗೆ. "ನೀವು?"

ಒಲೆ ಹೊತ್ತದ ಮನೆಗಳನ್ನು ಅವಳು ಬೆಳಿಗ್ಗೆಯಷ್ಟೇ ನೋಡಿಬಂದಿದ್ದಳು.

"ಇವ್ನು ಬರೀ ಬೆದರುಬೊಂಬೆ ಕಣಕ್ಕಾ, ಬಿದ್ದೇ ಬೀಳ್ತಾನೆ," ಎಂದ ಸಂಘದ ತಿಪ್ಪಣ್ಣ.

"ಬೀಳ್ತಾನೆ, ನಮ್ಮ ಮೊಮ್ಮಕ್ಕಳ ಕಾಲಕ್ಕೆ. ಇವತ್ತು ಇವನ ಕೈಕಾಲು ಗಟ್ಟಿ ಅದಾವ. ಎರಡೂ ಖರೇ, ತಿಪ್ಪಣ್ಣ."

ಅವಳು ಪೆಟ್ಟಿಗೆಯತ್ತ ತಿರುಗಿದಳು. "ಉಳಿದ ಬೇಡಿಕೆ ಆಮೇಲೆ. ನೀವು ಕೆಲಸದಿಂದ ತೆಗೆದುಹಾಕಿದ ಹನ್ನೊಂದು ಮಂದೀನ ವಾಪಸ್ ತಗೊಂಡ್ರೆ ಸಾಕು, ಎಲ್ಲಾರೂ ಕೆಲಸಕ್ಕೆ ಬರ್ತೀವಿ."

ನಕಲು ಲೆಕ್ಕ ಹಾಕಿತು. "ಇಷ್ಟಕ್ಕೆ ಗಿರಣಿ ನಿಲ್ಲಿಸಿದ್ರೆ ನನಗೇ ನಷ್ಟ, ಕೊಡಬೇಕಾಗ್ತದೆ. ಆದ್ರೆ ಒಮ್ಮೆ ಗೆದ್ದೋರು ಮತ್ತೆ ಕೇಳ್ತಾರೆ, ಅದೇ ನನ್ನ ಭಯ."

ಮರುದಿನ ಮಾತುಕತೆಯಲ್ಲಿ ನಿಜವಾದ ಸಾಹುಕಾರರು ನಕ್ಕರು. "ನಮ್ಮಲ್ಲಿರೋ ನಿಮ್ಮ ನಕಲು, ಹಾಲಮ್ಮ ದಣಿದಿದ್ದಾಳೆ ಅಂತು."

"ಖರೇ ಹೇಳೈತಿ. ಮುಷ್ಕರ ಬಿಟ್ಟುಬಿಡ್ತಾಳೆ ಅಂತ ಹೇಳೈತೇನು?"

ಸಾಹುಕಾರರು ಒಪ್ಪಂದಕ್ಕೆ ಸಹಿ ಹಾಕಿದರು. ಹನ್ನೊಂದು ಮಂದಿ ಗೇಟು ದಾಟಿ ಒಳಗೆ ಹೋದರು. ಹಾಲಮ್ಮ ಹೊರಗಿನ ಕಟ್ಟೆಯ ಮೇಲೆ ಕುಳಿತು, ಮುಂದಿನ ವರ್ಷ ಕೇಳಬೇಕಾದ್ದನ್ನು ಯೋಚಿಸುತ್ತಲೇ ನಿದ್ದೆಹೋದಳು.