ಆರನೇ ಮಹಡಿಯ ಹನ್ನೆರಡು ಸೆಕೆಂಡು

"ಸರ್, ಆರನೇ ಮಹಡಿ ಮಾತ್ರ ಯಾಕೆ ಬೇರೆ ಥರ ಇದೆ?"

ಲಿಫ್ಟ್ ಕಂಪನಿಯ ಮುಖ್ಯಸ್ಥರು ಕನ್ನಡಕವನ್ನು ಹಣೆಗೇರಿಸಿ ಹೊಸ ಎಂಜಿನಿಯರ್ ಹುಡುಗಿಯ ಕಂಪ್ಯೂಟರಿನತ್ತ ಬಗ್ಗಿದರು. ಹನ್ನೊಂದು ಮಹಡಿಯ ಹಳೇ ಕಟ್ಟಡವೊಂದರ ಲಿಫ್ಟನ್ನು ನಡೆಸುವ ಪ್ರೋಗ್ರಾಮ್ ಅದು. ಮಹಡಿಗೊಂದರಂತೆ ಹನ್ನೊಂದು ತುಂಡು ಕೋಡ್. ಒಂದನ್ನು ಬರೆದು ಹತ್ತು ಸಲ ಅಂಟಿಸಿದ್ದಾರೆಂದು ನೋಡಿದರೇ ಗೊತ್ತಾಗುತ್ತಿತ್ತು. ಮೊದಲನೆಯದರಲ್ಲಿದ್ದ ಕಾಗುಣಿತದ ತಪ್ಪು ಹನ್ನೊಂದನೆಯದರವರೆಗೂ ನಿಷ್ಠೆಯಿಂದ ಬಂದಿತ್ತು. ಹೋದ ತಿಂಗಳು ಅವಳು ಒಂದು ಸಣ್ಣ ತಿದ್ದುಪಡಿಯನ್ನು ಹತ್ತು ಕಡೆ ಮಾಡಿ ಒಂದು ಕಡೆ ಮರೆತಿದ್ದಳು. ನಾಲ್ಕನೇ ಮಹಡಿಯವರು ಮಧ್ಯಾಹ್ನವೆಲ್ಲ ಮೆಟ್ಟಿಲು ಹತ್ತಿಳಿದು ಕಂಪನಿಗೆ ಹಿಡಿಶಾಪ ಹಾಕಿದ್ದರು. ಹನ್ನೊಂದನ್ನೂ ಸೇರಿಸಿ ಒಂದು ಮಾಡಿದರೆ ಕೆಲಸ ಕಾಯಂ, ಇನ್ನೊಂದು ಸಲ ಎಡವಿದರೆ ಮನೆ ದಾರಿ ಎಂದು ಮುಖ್ಯಸ್ಥರು ಆವತ್ತೇ ಹೇಳಿಬಿಟ್ಟಿದ್ದರು.

ನಕಲು ಹುಡುಕುವ ಸಾಫ್ಟ್‌ವೇರ್ ಹತ್ತು ತುಂಡುಗಳನ್ನು ಒಂದೇ ಎಂದು ಒಪ್ಪಿತ್ತು. ಆರನೆಯದಕ್ಕೆ ಬಂದು ತಕರಾರು ತೆಗೆದಿತ್ತು. ಬೇರೆ ಮಹಡಿಗಳಲ್ಲಿ ಬಾಗಿಲು ಐದು ಸೆಕೆಂಡು ತೆರೆದಿದ್ದರೆ ಅಲ್ಲಿ ಹನ್ನೆರಡು. ಪಕ್ಕದಲ್ಲೊಂದು ಟಿಪ್ಪಣಿ: 'ತಾತ್ಕಾಲಿಕ. ಆಮೇಲೆ ತೆಗೆಯಬೇಕು.'

"ಯಾವ ಪುಣ್ಯಾತ್ಮ ಬರೆದ್ನೋ! ಕಿತ್ತುಹಾಕಮ್ಮ. ಎಲ್ಲದಕ್ಕೂ ಐದೇ ಇರ್ಲಿ."

"ಹನ್ನೆರಡು ವರ್ಷದ ಹಿಂದಿನ ತಾರೀಕು ಸರ್. ಹೆಸರು ನಿಮ್ಮದೇ ಇದೆ."

ಮುಖ್ಯಸ್ಥರು ಕನ್ನಡಕ ಇಳಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಅಯ್ಯೋ, ನೆನಪಾಯ್ತು! ಆಗ ನಾನು ಅದೇ ಕಟ್ಟಡದಲ್ಲಿ, ಆರನೇ ಮಹಡೀಲಿ ಬಾಡಿಗೆಗಿದ್ದೆ. ಸ್ಕೂಟರಿಂದ ಬಿದ್ದು ಕಾಲು ಮುರ್ಕೊಂಡಿದ್ದೆ. ಊರುಗೋಲು ಊರ್ಕೊಂಡು ಬಾಗಿಲ ಹತ್ರ ಬರೋಷ್ಟರಲ್ಲಿ ಲಿಫ್ಟು ನನ್ನ ಮುಖದ ಮೇಲೇ ಮುಚ್ಕೊಳ್ಳೋದು. ನಾನು ಬರೆದದ್ದು ನನ್ನ ಮಾತೇ ಕೇಳಲ್ವಾ ಅಂತ ಸಿಟ್ಟು ಬಂದು ಹನ್ನೆರಡು ಮಾಡ್ದೆ. ಕಾಲು ಮೂರು ತಿಂಗಳಲ್ಲಿ ಸರಿಹೋಯ್ತು, ಆ ಮನೇನೂ ಬಿಟ್ಟೆ. ಇದೊಂದು ಮರ್ತೇಹೋಯ್ತು ನೋಡು. ತೆಗೆದುಬಿಡು."

ಅವಳು ತಕ್ಷಣ ತೆಗೆಯಲಿಲ್ಲ. ಒಂದು ಸಲ ಕೈ ಸುಟ್ಟುಕೊಂಡವಳು. ಊಟದ ಬಿಡುವಿನಲ್ಲಿ ಆ ಕಟ್ಟಡಕ್ಕೇ ಹೋಗಿ ಆರನೇ ಮಹಡಿಯಲ್ಲಿ ಇಳಿದು ಗೋಡೆಗೊರಗಿ ನಿಂತಳು. ಸ್ವಲ್ಪ ಹೊತ್ತಿಗೆ ಮೂಲೆ ಮನೆಯಿಂದ ಅಜ್ಜಿಯೊಬ್ಬರು ವಾಕರ್ ಹಿಡಿದು ಬಂದು ಗುಂಡಿ ಒತ್ತಿದರು. ಗುಂಡಿಯಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ. ಬಾಗಿಲು ತೆರೆಯಿತು. ಅಜ್ಜಿ ವಾಕರ್ ಎತ್ತಿಟ್ಟರು, ಒಂದು ಹೆಜ್ಜೆ ಹಾಕಿದರು, ನಿಂತು ಉಸಿರು ತೆಗೆದುಕೊಂಡರು, ಮತ್ತೆ ಎತ್ತಿಟ್ಟರು. ಎಂಜಿನಿಯರ್ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಐದಾದಾಗ ಅಜ್ಜಿ ಇನ್ನೂ ಅರ್ಧ ದಾರಿಯಲ್ಲಿದ್ದರು.

"ಬಾಗಿಲು ಹಿಡ್ಕೊಳ್ಳಲಾ ಅಜ್ಜಿ?"

"ಬೇಡ ಕಣಮ್ಮ. ಈ ಲಿಫ್ಟಿಗೆ ನನ್ನ ಗುರುತಿದೆ. ನಾನು ಒಳಗೆ ಬರೋವರ್ಗೂ ಮುಚ್ಚಲ್ಲ."

ಎಣಿಕೆ ಹನ್ನೊಂದಕ್ಕೆ ಬಂದಾಗ ಅಜ್ಜಿ ಒಳಗಿದ್ದರು. ಇವಳೂ ಹಿಂದೆಯೇ ನುಗ್ಗಿದಳು. ಕೆಳಗೆ ಹೋಗುವಷ್ಟರಲ್ಲಿ ಅಜ್ಜಿಯ ಅರ್ಧ ಜಾತಕವೇ ಗೊತ್ತಾಯಿತು. ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು; ದಿನಾ ಕೆಳಗಿಳಿದು ಗೆಳತಿಯರ ಜೊತೆ ಇಸ್ಪೀಟು ಆಡದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. "ನನ್ನ ತಂಗಿ ಮನೆಯ ಲಿಫ್ಟಿದೆ ನೋಡು, ಅದು ಶನಿ. ವಾಕರ್ ಒಳಗಿಡೋಷ್ಟರಲ್ಲಿ ಬಾಗಿಲು ಮುಚ್ಚಿ ನನ್ನನ್ನ ಬೀಳಿಸಿಬಿಡ್ತು. ಎರಡು ವರ್ಷ ಆಯ್ತು, ಆ ಕಡೆ ತಲೆ ಹಾಕಿಲ್ಲ. ಈಗ ನಮ್ಮಿಬ್ಬರ ಜಗಳ ಎಲ್ಲಾ ಫೋನಲ್ಲೇ." ಕೆಳಗೆ ವಾಚ್‌ಮನ್ ಬಾಗಿಲಿಗೆ ಕೈ ಅಡ್ಡ ಹಿಡಿದು ಅವರನ್ನು ಇಳಿಸಿಕೊಂಡ.

ಸಂಜೆ ಮುಖ್ಯಸ್ಥರು ಮೇಜಿನ ಹತ್ತಿರ ಬಂದರು. "ಆಯ್ತಾ?"

"ಆಯ್ತು ಸರ್. ಹನ್ನೊಂದು ಹೋಗಿ ಒಂದೇ ಉಳೀತು. ಆರನೇ ಮಹಡಿಗೆ ಅಂತ ಬೇರೆ ಸಾಲೂ ಇಲ್ಲ."

"ಭೇಷ್! ಬಾಗಿಲಿಗೆ ಐದು ತಾನೇ?"

"ಹನ್ನೆರಡು ಸರ್. ಎಲ್ಲಾ ಮಹಡಿಗೂ."

"ಹನ್ನೆರಡಾ? ಅಷ್ಟು ಹೊತ್ತು ಬಾಯಿ ತೆರ್ಕೊಂಡು ನಿಂತ್ರೆ ಜನ ನನ್ನ ತಲೆ ತಿಂತಾರೆ."

"ಅವಸರ ಇದ್ದೋರಿಗೆ ಒಳಗಡೆ ಬಾಗಿಲು ಮುಚ್ಚೋ ಗುಂಡಿ ಇದೆ ಸರ್. ಹೊರಗಡೆಯಿಂದ ಕುಂಟ್ಕೊಂಡು ಬರ್ತಿರೋರಿಗೆ ಏನೂ ಇಲ್ಲ. ನಿಮಗೆ ಗೊತ್ತಿಲ್ದೇ ಇರೋದಾ?" ಅವಳು ಅಜ್ಜಿಯ ವಿಷಯ ಹೇಳಿದಳು.

ಮುಖ್ಯಸ್ಥರು ಮೊಣಕಾಲು ಸವರಿಕೊಂಡರು. ಮನಸ್ಸು ಕರಗಿತೇನೋ, ಆದರೆ ಮಾತು ಕರಗಲಿಲ್ಲ. "ಒಂದು ವಾರ ನೋಡೋಣ. ಒಂದೇ ಒಂದು ದೂರು ಬಂದ್ರೂ ಐದಕ್ಕೆ ಇಳಿಸ್ಬೇಕು. ನಿನ್ನ ಕೆಲಸದ ಮಾತೂ ಆಮೇಲೇನೇ."

ಆರು ದಿನ ಯಾರೂ ಚಕಾರವೆತ್ತಲಿಲ್ಲ. ಏಳನೇ ದಿನ ಬೆಳಿಗ್ಗೆ ಕಚೇರಿಯ ಫೋನು ಬಡಿದುಕೊಂಡಿತು. ಲಿಫ್ಟಿನೊಳಗೆ ಅಂಟಿಸಿದ ನಂಬರು ನೋಡಿ ಮಾಡುತ್ತಿದ್ದೇನೆ, ದೂರು ಕೊಡಬೇಕು ಎಂದಿತು ಅತ್ತಲಿನ ದನಿ. ದನಿಯ ಗುರುತು ಹತ್ತಿ ಅವಳ ಜೀವ ಹಾರಿಹೋಯಿತು. "ದೂರಾ ಅಜ್ಜಿ?" ಎಂದದ್ದನ್ನು ಎದುರು ಮೇಜಿನ ಮುಖ್ಯಸ್ಥರು ಕೇಳಿಸಿಕೊಂಡು, ನಾನು ಹೇಳಿರಲಿಲ್ಲವಾ ಎಂಬಂತೆ ಐದು ಬೆರಳು ಅಗಲಿಸಿ ತೋರಿಸಿದರು. ಅವಳು ಸ್ಪೀಕರ್ ಗುಂಡಿ ಒತ್ತಿದಳು.

"ನಿಮ್ಮ ಲಿಫ್ಟು ಕೆಟ್ಟಿದೆ ಕಣಮ್ಮ. ನಿನ್ನೆ ಒಂಬತ್ತನೇ ಮಹಡಿಗೆ ಹೋಗಿದ್ದೆ, ಅಲ್ಲೂ ಹಾಗೇ ಕಾಯುತ್ತೆ. ಎಂಟನೇ ಮಹಡೀಲಿ ದಾಂಡಿಗನ ಥರ ಒಬ್ಬ ಇದಾನಲ್ಲ, ಅವನಿಗೂ ಕಾಯುತ್ತೆ! ಇಷ್ಟು ವರ್ಷ ನನ್ನೊಬ್ಬಳಿಗೇ ಕಾಯ್ತಿತ್ತು. ಈಗ ಅದಕ್ಕೆ ನಾನ್ಯಾರು ಅಂತಾನೇ ಗೊತ್ತಾಗ್ತಿಲ್ಲ."

ಗಾಳಿಯಲ್ಲಿದ್ದ ಐದು ಬೆರಳು ಒಂದೊಂದಾಗಿ ಮಡಚಿಕೊಂಡವು.